ಉಡಿ ತುಂಬುವ ಕೈ

ಕಂಪ್ಲಿಯ ಕೋಟೆ ಕಡೆಯ ಓಣಿಗಳಲ್ಲಿ ಎರ್ರಮ್ಮನಿಗೆ ಹೇಳಿಕಳಿಸದೆ ಒಂದು ಕುಬಸವೂ ಆಗುತ್ತಿರಲಿಲ್ಲ. ಬಸುರಿಗೆ ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿ, ಅವಳು ಒಡ್ಡಿದ ಸೆರಗಿಗೆ ಮುತ್ತೈದೆಯರು ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬುವಾಗ ಮೊದಲ ಬೊಗಸೆ ಎರ್ರಮ್ಮನದೇ ಆಗಬೇಕು. ಹೆತ್ತ ಮಕ್ಕಳೆಲ್ಲ ಉಳಿದ ತಾಯಿ. ಗಂಡ ಚನ್ನಯ್ಯ ತನ್ನ ಕಿರಾಣಿ ಅಂಗಡಿಯಲ್ಲಿ ಇನ್ನೂ ಗುಂಡುಕಲ್ಲಿನ ಹಾಗೆ ಕೂತಿದ್ದಾನೆ. ಮುತ್ತೈದೆಗೆ ಇದಕ್ಕಿಂತ ದೊಡ್ಡ ಪದವಿ ಯಾವುದು? ಅವಳ ಕೈಗುಣ ದೊಡ್ಡದು ಎಂದು ಜನ ಹೇಳುವರು. ಅವಳು ನನ್ನದೇನಿದೆ, ಎಲ್ಲ ದೇವರದು ಎನ್ನುವಳು, ಒಳಗೊಳಗೆ ಹಿಗ್ಗುವಳು. ಹಿಗ್ಗಲಿ ಬಿಡಿ, ಅರವತ್ತು ದಾಟಿದ ಹೆಂಗಸಿಗೆ ಹಿಗ್ಗಲು ಊರವರು ಕೊಟ್ಟದ್ದು ಅದೊಂದೇ.

ಮೆಟ್ರಿ ಹಳ್ಳಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಅಂಗಡಿ ಇರಲಿಲ್ಲ. ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಹರವಿ, ನುಚ್ಚು ಕೇರಿ ಬದುಕಿದವಳು. ಅಂಗೈಗಳು ಒರಟಾಗಿ ಹೋಗಿದ್ದವು. ಆ ಒರಟು ಕೈಗೆ ಉಡಿ ತುಂಬುವುದನ್ನು ಕಲಿಸಿದ್ದು ಅತ್ತೆ, ಮಹಾ ಗಟ್ಟಿಗಿತ್ತಿ. ಬೊಗಸೆಯಿಂದ ಅಕ್ಕಿ ಸುರಿಯಬಾರದು, ಇಳಿಸಬೇಕು. ಒಂದು ಕಾಳೂ ನೆಲಕ್ಕೆ ಬೀಳಬಾರದು. ಬಿದ್ದರೆ ಬಸುರಿಗೆ ಒಳ್ಳೆಯದಲ್ಲ ಎಂದು ನಂಬಿದ ಜನ. ಎರ್ರಮ್ಮನ ಕೈಯಿಂದ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ.

ಅದೇ ಕೈಯಲ್ಲಿ ಮೊಮ್ಮಗಳು ಕಾವ್ಯ ಬೆಳೆದಳು. ಕಾವ್ಯಳ ತಾಯಿ ಅನುಸೂಯಾ, ಎರ್ರಮ್ಮನ ಹಿರಿಯ ಸೊಸೆ, ಅಂಗನವಾಡಿ ಕೆಲಸಕ್ಕೆ ಹೋಗುವವಳು. ಕೂಸಿಗೆ ಎರೆದದ್ದು, ಉಣಿಸಿದ್ದು, ಜಡೆ ಹೆಣೆದದ್ದು ಅಜ್ಜಿಯೇ. ಬೇರೆ ಯಾರಾದರೂ ನೆತ್ತಿಗೆ ಎಣ್ಣೆ ತಟ್ಟಿದರೆ ಆ ಹುಡುಗಿ ಓಣಿ ಕೇಳುವಂತೆ ಕೂಗುತ್ತಿದ್ದಳು.

ಇಂಥ ಉಡಿಯ ಮೇಲೆ ಒಬ್ಬ ಟೀವಿಯವನ ಕಣ್ಣು ಬಿತ್ತು. ಹೊಸ ಧಾರಾವಾಹಿ ಬಂತು. ಅದರಲ್ಲೊಬ್ಬ ಸೀರೆ ವ್ಯಾಪಾರಿ, ನೋಡಲು ಲಕ್ಷಣವಂತ, ಮಾತು ಬೆಣ್ಣೆ. ಊರೂರು ತಿರುಗಿ, ಮನೆಯಲ್ಲಿ ಒಬ್ಬರೇ ಇರುವ ಹೆಂಗಸರನ್ನು ಕೊಲ್ಲುತ್ತಾನೆ. ಕೊಂದು ಸುಮ್ಮನೆ ಹೋದರೂ ಒಂದು ಮಾತು. ಹೆಣಕ್ಕೆ ಸಣ್ಣ ಕೆಂಪು ಅಂಚಿನ ಗಿಳಿಹಸಿರು ಸೀರೆ ಉಡಿಸಿ ಗೋಡೆಗೆ ಒರಗಿಸಿ, ‘ಉಡಿ ಒಡ್ಡವ್ವ’ ಎಂದು ಐದು ಬೊಗಸೆ ಅಕ್ಕಿ ತುಂಬುತ್ತಾನೆ! ಕ್ಯಾಮೆರಾ ಅವನ ಕೈ ಬಿಟ್ಟು ಕದಲುವುದಿಲ್ಲ. ಕಾಳು ಕಾಳಾಗಿ ಅಕ್ಕಿ ಇಳಿಯುವುದನ್ನು ನಿಧಾನ ಮಾಡಿ ತೋರಿಸುತ್ತಾರೆ, ಹಿಂದೆ ಕೊಳಲು ಬೇರೆ. ಥೂ, ಇದನ್ನು ಬರೆದವನಿಗೆ ಹಡೆದವಳೊಬ್ಬಳು ಇರಲಿಲ್ಲವೆ?

ಊರು ಅಸಹ್ಯಪಟ್ಟಿತು ಅಂದುಕೊಂಡಿರಾ? ಊರು ಊಟ ಬಿಟ್ಟು ನೋಡಿತು. ಕೆಲವು ಭಾಗ ಹಂಪಿಯ ಬಂಡೆಗಳ ಸಂದಿಯಲ್ಲಿ ತೆಗೆದಿದ್ದರು, ಒಂದು ಹೆಣ ಸಂಡೂರಿನ ಕೆಂಪು ಧೂಳಿನ ದಾರಿಯಲ್ಲಿ ಸಿಕ್ಕಿತು, ಕಂಪ್ಲಿಯ ಸೇತುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕಾಣಿಸಿತು. ಅಷ್ಟಕ್ಕೇ ನಮ್ಮವರಿಗೆ ಎಲ್ಲಿಲ್ಲದ ಹೆಮ್ಮೆ. ಮೊಬೈಲ್ ಅಂಗಡಿಯ ಪಂಪೇಶ್ ಬಂದ ಗಿರಾಕಿಗೆಲ್ಲ ಯಾವ ಕೊಲೆ ಮಸ್ತ್, ಯಾವುದು ಸಪ್ಪೆ ಎಂದು ವಿವರಿಸುತ್ತಿದ್ದ. ಅವನ ಫೋನು ಬಡಿದುಕೊಂಡರೆ ಕೊಲೆಗಾರನ ದನಿ ಕೇಳುತ್ತಿತ್ತು. ಕಾಲೇಜಿನ ಮೇಷ್ಟ್ರೊಬ್ಬರು ಕಲೆಯನ್ನು ಕಲೆಯಾಗಿ ನೋಡಬೇಕೆಂದು ಅಂಗಡಿಕಟ್ಟೆಯಲ್ಲಿ ಭಾಷಣ ಮಾಡಿದರು. ನೀರಿನ ನಲ್ಲಿಯ ಹತ್ತಿರ ಪಕ್ಕದ ಮನೆಯ ತಿಪ್ಪಕ್ಕ, ಅವನ ಮೂಗು ಕಣ್ಣು ಎಷ್ಟು ಚಂದ ಎಂದು ಬಾಯಿ ಚಪ್ಪರಿಸಿದಳು. ತಪ್ಪು ಸತ್ತವಳದಂತೆ, ಗಂಡ ಇಲ್ಲದಾಗ ಬಾಗಿಲು ತೆಗೆದಳಲ್ಲ, ಅದಕ್ಕೆ. ಇನ್ನು ಫೋನಿನಲ್ಲಿ ಅಭಿಪ್ರಾಯ ಬರೆಯುವ ಮಹಾಶಯರು ಚುಕ್ಕಿ ಕೊಡುವುದನ್ನೇ ಬಿಟ್ಟಿದ್ದರು. ‘ಐದಕ್ಕೆ ಐದು ಬೊಗಸೆ’ ಎಂದು ಬರೆಯುತ್ತಿದ್ದರು. ಅದನ್ನು ಓದಿ ಹೇಳಿ ನಕ್ಕವನು ಯಾರು? ಸ್ವತಃ ಚನ್ನಯ್ಯ. ಕಥೆಗೆ ಯಾಕೆ ಸಿಟ್ಟಾಗುತ್ತಿ, ಅದು ಖರೇ ಏನು ಎಂದು ಹೆಂಡತಿಗೇ ಬುದ್ಧಿ ಹೇಳಿದ, ಮುದುಕ.

ಏನಿದು ನೋಡಿಯೇ ಬಿಡೋಣವೆಂದು ಎರ್ರಮ್ಮ ಒಂದು ಮಧ್ಯಾಹ್ನ ಮರುಪ್ರಸಾರದ ಮುಂದೆ ಕೂತಳು. ರಕ್ತ ಕಂಡರೆ ಹೆದರುವವಳಲ್ಲ, ಎಷ್ಟೋ ಬಾಣಂತನ ಮಾಡಿದ ಹೆಂಗಸು. ಕೊಲೆಗಾರ ಅರಿಷಿಣ ಹಚ್ಚಿದ ಎರಡೂ ಕೈ ಜೋಡಿಸಿ ಬೊಗಸೆ ಮಾಡಿದ. ಎರ್ರಮ್ಮನ ಹಾಗೆಯೇ ಮಾಡಿದ್ದ. ಯಾರೋ ಅನುಭವಸ್ಥ ಮುತ್ತೈದೆಯನ್ನು ಕೂರಿಸಿಕೊಂಡು ಕೇಳಿ ಕಲಿತಿದ್ದರೆಂದು ಕಾಣುತ್ತದೆ, ಒಂದು ಕಾಳೂ ಬೀಳಲಿಲ್ಲ. ಎರ್ರಮ್ಮ ಟೀವಿ ಆರಿಸಿ ಹಿತ್ತಲಿಗೆ ಹೋಗಿ ಕೈ ತೊಳೆದಳು. ಅವತ್ತು ಅವಳಿಗೆ ಅನ್ನ ಸೇರಲಿಲ್ಲ.

ಈ ನಡುವೆ ಕಾವ್ಯಳ ಕುಬಸ ಬಂತು. ಕಾವ್ಯ ಈಗ ಹೊಸಪೇಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದಳು. ಗಂಡ ಶಂಭುಲಿಂಗ ಉಕ್ಕಿನ ಕಾರ್ಖಾನೆಯವನು, ಪಾಳಿಯ ಕೆಲಸ. ಹಿಂದೊಮ್ಮೆ ಬಸುರು ನಿಲ್ಲದೆ ಹೋಗಿತ್ತು. ಆಮೇಲೆ ಸಂಡೂರಿನ ಅತ್ತೆ ಉಚ್ಚೆಂಗಮ್ಮ ಸೊಸೆಯ ಮುಖ ನೋಡಿ ಮಾತಾಡುವುದನ್ನೇ ಕಡಿಮೆ ಮಾಡಿದ್ದಳು. ಈ ಸಲ ಏಳು ತಿಂಗಳು ತುಂಬಿದೆ. ಉಡಿ ತವರಿನಲ್ಲೇ ಆಗಲಿ, ಮೊದಲ ಬೊಗಸೆ ಅಜ್ಜಿಯದೇ ಆಗಲಿ ಎಂದು ಉಚ್ಚೆಂಗಮ್ಮನೇ ಹೇಳಿಕಳಿಸಿದ್ದಳು. ಎರ್ರಮ್ಮ ಊರವರ ಉಡಿ ತುಂಬಿದ್ದೆಲ್ಲ ಒಂದು ತೂಕ, ಇದೊಂದೇ ಒಂದು ತೂಕ. ಈ ಕೂಸು ಉಳಿಯಬೇಕು, ತನ್ನ ಕೈಯಿಂದಲೇ ಉಳಿಯಬೇಕು ಎಂದು ಅವಳ ಆಸೆ. ಅಕ್ಕಿಯನ್ನು ತಾನೇ ಕೂತು ಆರಿಸಿದಳು.

ಸೀರೆ ತಂದವಳು ಅನುಸೂಯಾ. ಹೊಸಪೇಟೆಯ ದೊಡ್ಡ ಅಂಗಡಿಯಲ್ಲಿ ಗಿಳಿಹಸಿರು, ಸಣ್ಣ ಕೆಂಪು ಅಂಚು. ಈಗ ಇದೇ ರನ್ನಿಂಗು, ಉಳಿದದ್ದು ಇದೊಂದೇ ಎಂದು ಅಂಗಡಿಯವನು ಬಿಚ್ಚಿ ತೋರಿಸಿದ. ಅನುಸೂಯಾ ಧಾರಾವಾಹಿ ನೋಡಿದವಳಲ್ಲ, ಕೆಲಸ ಮುಗಿಸಿ ಬಂದು ಮಲಗಿದರೆ ಅವಳಿಗೆ ಬೆಳಗೇ. ಎಲ್ಲರೂ ಒಯ್ಯುವ ಸೀರೆ ಚಂದವೇ ಇರಬೇಕೆಂದು ತಂದಳು. ಕುಬಸದ ದಿನ ಸೀರೆ ಉಟ್ಟು ಹೊರಬಂದ ಮೊಮ್ಮಗಳನ್ನು ಕಂಡು ಎರ್ರಮ್ಮ ಕೈಯಲ್ಲಿದ್ದ ಅಕ್ಕಿಯ ಪರಾತ ಕೆಳಗಿಟ್ಟಳು. ಆ ಹೆಣಗಳಿಗೆ ಉಡಿಸುತ್ತಿದ್ದ ಸೀರೆ! ಸೊಸೆಯನ್ನು ಪಕ್ಕಕ್ಕೆ ಕರೆದು ಬೇರೆ ಉಡಿಸು ಎಂದಳು. ಬೀಗರು ಬಂದು ಕೂತಾಗಿದೆ, ಉಟ್ಟ ಕುಬಸದ ಸೀರೆ ಬಿಚ್ಚಿಸಿದರೆ ಏನೆಂದುಕೊಂಡಾರು ಎಂದು ಅನುಸೂಯಾ ಕೈ ಹಿಸುಕಿಕೊಂಡಳು. ಉಟ್ಟದ್ದನ್ನು ಬಿಚ್ಚಿಸುವುದು ಅಪಶಕುನ ಎಂದು ಎರ್ರಮ್ಮನಿಗೂ ಗೊತ್ತು. ಅಲ್ಲೇ ಎಡವಿದಳು ನೋಡಿ. ಊರಿಗೆಲ್ಲ ಗದರುವ ಹೆಂಗಸು ಅವತ್ತು ಬೀಗರ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಕಾವ್ಯ ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ಮುಖ ಬಿಳಿಚಿತ್ತು, ಬಸುರಿಯ ಸುಸ್ತು ಎಂದುಕೊಂಡರು. ಎರ್ರಮ್ಮ ಬೊಗಸೆ ತುಂಬ ಅಕ್ಕಿ ಎತ್ತಿ ಬಾಗಿದಳು. ಹುಡುಗಿಯ ಕಣ್ಣು ಅಜ್ಜಿಯ ಮುಖದ ಮೇಲಿರಲಿಲ್ಲ, ಕೈಯ ಮೇಲೆ ನೆಟ್ಟಿತ್ತು. ಅಷ್ಟರಲ್ಲಿ ಹಿಂದಿನಿಂದ, ವಿಡಿಯೋ ತೆಗೆಯಲೆಂದು ಕರೆಸಿದ್ದ ಪಂಪೇಶ್, ಥೇಟು ಆ ಕೊಲೆಗಾರನ ದನಿಯಲ್ಲಿ ಎಳೆದು ಹೇಳಿದ.

“ಉಡಿ ಒಡ್ಡವ್ವ...”

ಮನೆ ತುಂಬ ನಗೆ ಎದ್ದಿತು. ಮುತ್ತೈದೆಯರು ನಕ್ಕರು, ಶಂಭುಲಿಂಗ ನಕ್ಕ, ಉಚ್ಚೆಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕಾವ್ಯ ಚಿಟ್ಟನೆ ಚೀರಿ ಹಿಂದಕ್ಕೆ ಸರಿದಳು. ಸೆರಗು ಕೈಬಿಟ್ಟಿತು, ಎರ್ರಮ್ಮನ ಬೊಗಸೆಯ ಅಕ್ಕಿ ನೆಲದ ಪಾಲಾಯಿತು.

ನಗೆ ನಿಂತಿತು. ಉಚ್ಚೆಂಗಮ್ಮನ ಮುಖ ಗಂಟಾಯಿತು, ಇದೇನು ಲಕ್ಷಣ ಎಂದು ಗೊಣಗಿದಳು. ನಗುವಾಗ ಲಕ್ಷಣ ನೆನಪಿರಲಿಲ್ಲವೆ ತಾಯಿ? ಎರ್ರಮ್ಮ ನೆಟ್ಟಗೆ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಹೇಸಿಗೆ ತುಳಿದವಳ ಹಾಗಿತ್ತು ಅವಳ ಮುಖ.

“ಹೆಣದ ಉಡಿ ನೋಡಿ ನೋಡಿ ನಿಮಗ ಬಸುರಿ ಉಡಿನೂ ಹಂಗಾ ಕಾಣಾಕ ಹತ್ಯಾದೇನು? ಥೂ ನಿಮ್ಮ ಜನ್ಮಕ್ಕ. ಲೇ ಪಂಪ್ಯಾ, ಆ ಫೋನು ತಗೊಂಡು ಮೊದಲು ಹೊರಗ ನಡಿ.”

ಪಂಪೇಶ್ ತಮಾಷೆಗೆ ಅಂದೆನೆಂದು ತೊದಲುತ್ತಾ ಹೊರಬಿದ್ದ. ಎರ್ರಮ್ಮ ಅಕ್ಕಿಯ ಪರಾತವನ್ನು ಸೊಂಟಕ್ಕೆ ಇಟ್ಟುಕೊಂಡು, ಮೊಮ್ಮಗಳನ್ನು ಒಳಕೋಣೆಗೆ ನಡೆಸಿ ಬಾಗಿಲು ಹಾಕಿಕೊಂಡಳು.

ಅಲ್ಲಿ ಕಾವ್ಯ ಬಿಕ್ಕುತ್ತಾ ಎಲ್ಲ ಹೇಳಿದಳು. ಗಂಡ ಪಾಳಿಗೆ ಹೋದಾಗ ಹೊತ್ತು ಹೋಗದೆ ಫೋನಿನಲ್ಲಿ ಅದನ್ನೇ ನೋಡಿದ್ದಾಳೆ. ಬೇಡವೆಂದರೂ ಬಿಡಲಾಗಲಿಲ್ಲ. ಈಗ ಯಾರು ಬಾಗಿಲು ಬಡಿದರೂ ತೆಗೆಯದೆ ಮೂಲೆ ಸೇರುತ್ತಾಳೆ, ನಿದ್ದೆಯಿಲ್ಲ. ಗಂಡನಿಗೆ ಹೇಳಿದರೆ ಅವನೂ ‘ಉಡಿ ಒಡ್ಡವ್ವ’ ಎಂದು ಕಾಡಿಸಿದನಂತೆ. ಎರ್ರಮ್ಮ ಸಮಾಧಾನ ಮಾಡಿ, ಈಗ ನಾವಿಬ್ಬರೇ ಇದ್ದೇವೆ, ಉಡಿ ಒಡ್ಡು ಎಂದು ಮತ್ತೆ ಬೊಗಸೆ ಎತ್ತಿದಳು. ಕಾವ್ಯ ಎರಡೂ ಕೈ ಅಡ್ಡ ಹಿಡಿದಳು.

“ಬ್ಯಾಡ ಅಜ್ಜಿ. ನಿನ್ ಕೈ ಹತ್ರ ಬಂದ್ರ ಅವನ ಕೈನಾ ಕಾಣ್ತಾವ. ನಿಂದಂತ ಗೊತ್ತೈತಿ ನನಗ. ಆದ್ರೂ ಅವೇ ಕಾಣ್ತಾವ.”

ಎರ್ರಮ್ಮ ಅಕ್ಕಿಯನ್ನು ಮೆಲ್ಲಗೆ ಪರಾತಕ್ಕೆ ಇಳಿಸಿದಳು. ತನ್ನ ಕೈಗಳನ್ನು ನೋಡಿಕೊಂಡಳು. ಈ ಕೈಯಲ್ಲಿ ಎರೆಸಿಕೊಂಡು ಬೆಳೆದ ಕೂಸು ಈ ಕೈಗೆ ಹೆದರುತ್ತಿದೆ. ಆ ದರಿದ್ರ ಕಥೆ ಕಟ್ಟಿದವನ ಕೈಗೆ ಹುಳ ಬೀಳಲಿ ಎಂದು ಮನಸಾರೆ ಶಪಿಸಿದಳು. ಹೊರಗೆ ಬೀಗಿತ್ತಿ ಕಾಯುತ್ತಿದ್ದಾಳೆ, ಹುಡುಗಿಯನ್ನು ಬರಿ ಉಡಿಯಲ್ಲಿ ಕಳಿಸಿದರೆ ನಾಳೆ ಏನೇ ಆದರೂ ಆ ತಪ್ಪೂ ಈ ಬಡಪಾಯಿಯ ತಲೆಗೇ ಬರುತ್ತದೆ.

ಗೋಡೆಯ ಪಕ್ಕ ನೆಲದ ಮೇಲೆ ಕೂತು ತನ್ನ ಸೆರಗನ್ನು ತಾನೇ ಒಡ್ಡಿದಳು.

“ನೀನಾ ನನಗ ತುಂಬು.”

ಕಾವ್ಯಳಿಗೆ ಅರ್ಥವಾಗಲಿಲ್ಲ, ಆದರೂ ತುಂಬಿದಳು. ಕೊಬ್ಬರಿ, ಉತ್ತತ್ತಿ, ಅಡಿಕೆ, ಎಲ್ಲ ಅವಳೇ ಹಾಕಿದಳು. ಎರ್ರಮ್ಮ ತುಂಬಿದ ಉಡಿಯ ಅಂಚು ಹಿಡಿದು ಎದ್ದು, ಮೊಮ್ಮಗಳನ್ನು ಕೂರಿಸಿ, ಈಗ ನೀನು ಒಡ್ಡು, ನನ್ನ ಕೈ ಬರುವುದಿಲ್ಲ, ಉಡಿಯಿಂದ ಉಡಿಗೆ ಬೀಳುತ್ತದೆ ಎಂದಳು. ಹಾಗೆ ತುಂಬುವ ಪದ್ಧತಿ ಯಾವ ಓಣಿಯಲ್ಲೂ ಇಲ್ಲ. ಇರದಿದ್ದರೆ ಇಲ್ಲ. ಮುದುಕಿ ಬಗ್ಗಿ ತನ್ನ ಸೆರಗನ್ನು ಮೆಲ್ಲಗೆ ಸಡಿಲಿಸಿದಳು, ಅಕ್ಕಿ ಜಾರಿ ಹುಡುಗಿಯ ಮಡಿಲಿಗೆ ಇಳಿಯಿತು. ಕೆಳಗೆ ಒಂದು ಕಾಳೂ ಬೀಳಲಿಲ್ಲ.

ಹೊರಗೆ ಬಂದಾಗ ಉಚ್ಚೆಂಗಮ್ಮ, ಬೀಗಿತ್ತೇರ, ನೀವೇ ತುಂಬಿದಿರಾ ಎಂದು ಕೇಳಿದಳು. ತುಂಬಿದೆ ಎಂದಳು ಎರ್ರಮ್ಮ. ತುಂಬಿದ ಮಡಿಲು ಕಂಡು ಬೀಗಿತ್ತಿಯ ಮುಖದ ಗಂಟು ಬಿಚ್ಚಿತು. ಆರತಿ ಎತ್ತಿದರು. ಉಳಿದವರು ಏನೂ ಆಗಿಲ್ಲವೆಂಬಂತೆ ಹೋಳಿಗೆಯ ಎಲೆಗೆ ಸಾಲು ಹಿಡಿದರು.

ಕಾವ್ಯ ಉಡಿಯನ್ನು ಎದೆಗವಚಿಕೊಂಡು ಬಂದು ಅಜ್ಜಿಯ ಕಾಲಿಗೆ ಬಾಗಿದಳು. ಇನ್ನು ಅಜ್ಜಿ ಎರಡೂ ಕೈಯಿಂದ ಅವಳ ಕೆನ್ನೆ ಸವರಿ, ನೆಟಿಗೆ ಮುರಿದು ದೃಷ್ಟಿ ತೆಗೆಯಬೇಕು. ಎರ್ರಮ್ಮನ ಕೈ ರೂಢಿಯಂತೆ ಮೇಲೆದ್ದವು. ಹುಡುಗಿ ತನಗೇ ತಿಳಿಯದೆ ಕುತ್ತಿಗೆ ಕುಗ್ಗಿಸಿದಳು. ಎರ್ರಮ್ಮ ಎತ್ತಿದ ಕೈಗಳನ್ನು ಹಿಂದಕ್ಕೆ ಒಯ್ದು ಬೆನ್ನ ಹಿಂದೆ ಹಿಡಿದುಕೊಂಡಳು. ಚಂದಾಗಿ ಹಡಿ ನನ್ನವ್ವ ಎಂದು ಬಾಯಲ್ಲಷ್ಟೇ ಹರಸಿದಳು.