ಗದ್ದುಗೆ ಮುಟ್ಟಿಸದೆ ನಂಬಿದ ಮಾತು

ನನ್ನ ಮೊಮ್ಮಗಳು ಸೈನ್ಯಕ್ಕೆ ಆಯ್ಕೆಯಾದ ದಿನ, ಬನವಾಸಿ ಕಡೆಯ ನಮ್ಮ ಊರಿನಲ್ಲಿ ನಾನು ಪೇಢೆ ಕೊಡದ ಮನೆ ಉಳಿಯಲಿಲ್ಲ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಅವಳ ಆಯ್ಕೆಯ ಪತ್ರವನ್ನು ಅಕ್ಷರ ಕೂಡಿಸಿ ಕೂಡಿಸಿ ಎಷ್ಟು ಸಲ ಓದಿದೆನೋ. ಸಮವಸ್ತ್ರದ ಫೋಟೊ ಬಂದ ಮೇಲಂತೂ ಹಾಲು ಹಾಕುವವನನ್ನೂ ಒಳಗೆ ಕರೆದು ತೋರಿಸಿದೆ.

ಆ ಹಿಗ್ಗಿನಲ್ಲಿದ್ದಾಗಲೇ ವಿಧಾನಸಭೆಯ ಚುನಾವಣೆ ಬಂತು. ನಿವೃತ್ತ ಸೈನಿಕರೊಬ್ಬರು ಪಕ್ಷೇತರರಾಗಿ ನಿಂತರು. ಮತ ಕೇಳಲು ಮನೆಗೆ ಬಂದವರು ಗೋಡೆಯ ಮೇಲಿನ ಮೊಮ್ಮಗಳ ಫೋಟೊ ನೋಡಿ, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ನನ್ನ ಕಣ್ಣು ತುಂಬಿತು. ಮುಂದೆ ಕೇಳುವುದೇ ಉಳಿಯಲಿಲ್ಲ.

ನಮ್ಮಲ್ಲೊಂದು ಕಟ್ಟಳೆ ಇದೆ. ಮತ ಕೇಳಲು ಯಾರೇ ಬರಲಿ, ಮಠದ ಗದ್ದುಗೆ ಮುಟ್ಟಿ ಮಾತು ಕೊಡಬೇಕು. ಹಿರಿಯರು ಅವರನ್ನೂ ಕರೆದರು. ನಾನೇ ಅಡ್ಡ ಹೋದೆ.

"ಮಿಲಿಟ್ರಿಯವ್ರಿಗೆ ಆಣಿ ಯಾಕ್ರಿ? ಅವ್ರು ಹಾಕ್ಕೊಂಡಿದ್ದ ಅಂಗೀನ ಆಣಿ ಅಲ್ಲೇನು?"

"ಹಿಂದ ಸರಿಯೋದು ನಮಗ ಗೊತ್ತಿಲ್ರಿ ಯಜಮಾನ್ರ," ಎಂದು ಅವರು ನನ್ನ ಕೈ ಹಿಡಿದರು.

ವಾರವಿಡೀ ಅವರಿಗಾಗಿ ಮನೆಮನೆ ತಿರುಗಿದೆ. ನಮ್ಮ ಅರ್ಧ ಊರು ಉಳುವುದು ಪಟ್ಟಾ ಇಲ್ಲದ ಅರಣ್ಯ ಜಮೀನನ್ನು. ಅದಕ್ಕೇನು ಮಾಡುತ್ತೀರಿ ಎಂದು ಅವರನ್ನು ಒಮ್ಮೆಯೂ ಕೇಳಲಿಲ್ಲ. ಯಾವ ಗಡಿಯಲ್ಲಿದ್ದಿರಿ, ಹಿಮ ಎಷ್ಟು ಬೀಳುತ್ತದೆ ಎಂದು ಕೇಳಿದೆ.

ನಾಮಪತ್ರ ಹಿಂತೆಗೆಯುವ ಕೊನೆಯ ದಿನ ಅವರು ಚುನಾವಣಾ ಕಚೇರಿಗೆ ಹೋಗಿ ಹಿಂತೆಗೆದುಕೊಂಡರು. ನಮ್ಮೆದುರು ಬಾಯಿತುಂಬ ಬೈದಿದ್ದ ಎದುರಾಳಿಯ ಪಕ್ಕದಲ್ಲೇ ಹಾರ ಹಾಕಿಸಿಕೊಂಡು ನಗುತ್ತಿದ್ದ ಚಿತ್ರ ಸಂಜೆಯೊಳಗೆ ಎಲ್ಲರ ಮೊಬೈಲಿಗೂ ಬಂತು.

"ಏನ್ ಕಾಕಾ, ನಿಮ್ಮ ಮಿಲಿಟ್ರಿ ಗಡಿ ಬಿಟ್ಟು ಓಡೇತಂತಲ್ಲ?" ಎಂದಳು ಎದುರುಮನೆಯಾಕೆ.

ಒಳಗೆ ಬಂದು ಮೊಮ್ಮಗಳ ಫೋಟೊ ಗೋಡೆಯಿಂದ ಇಳಿಸಿ ಟ್ರಂಕಿನ ಮೇಲೆ ಬೋರಲು ಹಾಕಿದೆ. ಆ ಮನುಷ್ಯ ನನ್ನಿಂದ ಕಿತ್ತುಕೊಂಡದ್ದು ಮತವಲ್ಲ, ಆ ಫೋಟೊ ನೋಡುವ ಸಂತೋಷ.

ಭಾನುವಾರ ಅವಳು ತರಬೇತಿಯಿಂದ ಫೋನ್ ಮಾಡಿದಾಗ ಎಲ್ಲ ಹೇಳಿಕೊಂಡೆ. ಅವಳು ನಕ್ಕೇಬಿಟ್ಟಳು.

"ಅಜ್ಜಾ, ಇಲ್ಲಿ ನಮಗ ಬಂದೂಕು ಬಿಚ್ಚಿ ಜೋಡ್ಸೋದು ಕಲಸ್ತಾರ. ಊರ ಮಂದಿ ಕಷ್ಟ ಕೇಳೋದು ಕಲಸಂಗಿಲ್ಲ. ನಾಳೆ ನಾನ ಓಟು ಕೇಳಾಕ ಬಂದ್ರೂ ಗದ್ದಿಗಿ ಮುಟ್ಸು. ಆಮ್ಯಾಲೆ ಪಟ್ಟಾದ್ದೂ ಕೇಳು."

"ನಿನ್ನ ಫೋಟೊ ಇಳಿಸೇನಿ," ಎಂದೆ.

"ಅವ ಓಡಿದ್ರ ನಂದ್ಯಾಕ ಇಳಸ್ತಿ?"

ಸೋಮವಾರ ಮಠಕ್ಕೆ ಹೋಗಿ, ಇನ್ನು ಸೈನಿಕರಿಗೂ ವಿನಾಯಿತಿ ಬೇಡ, ನನ್ನ ಮೊಮ್ಮಗಳಿಗೂ ಬೇಡ ಎಂದೆ. ಹಿರಿಯರಲ್ಲೊಬ್ಬರು ಎಲೆಯಡಿಕೆ ಬಾಯಿಗಿಡುತ್ತ, "ಮದ್ಲ ನೀ ಮುಟ್ಟಪಾ. ಅವನ ಪರವಾಗಿ ನಮ್ಮ ಮನಿಗೆ ಬಂದಾಂವ ನೀನ," ಎಂದರು.

ಪಟ್ಟಾದ್ದು ಕೇಳದೆ ಇನ್ನು ಯಾರ ಪರವಾಗಿಯೂ ತಿರುಗುವುದಿಲ್ಲ ಎಂದು ಗದ್ದುಗೆಗೆ ಕೈಯಿಟ್ಟೆ. ಮನೆಗೆ ಬಂದು ಫೋಟೊ ಒರೆಸಿ ಮತ್ತೆ ಮೊಳೆಗೆ ಹಾಕಿದೆ.