ಬರೆದವರ ಮನೆಗೆ ದಾರಿ

ಹಾಲೇಶಪ್ಪನವರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಬಲಗೈ. ಆ ಕೈ ಸದಾ ಯಾವುದಾದರೊಂದು ದಿಕ್ಕನ್ನು ತೋರಿಸುತ್ತಿತ್ತು. ಶಿವಮೊಗ್ಗದ ಕೋಟೆ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಹೂವಿನಂಗಡಿಗೂ ಹೊಲಿಗೆ ಯಂತ್ರ ರಿಪೇರಿಯ ಅಂಗಡಿಗೂ ನಡುವೆ ಅವರ ಪುಸ್ತಕದಂಗಡಿ ಸಿಕ್ಕಿಕೊಂಡಿತ್ತು. ಅದರ ಮೆಟ್ಟಿಲಿಳಿದು ರಸ್ತೆಗೇ ಬಂದು ನಿಂತು, ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ, ಗಿರಾಕಿಗೆ ದಾರಿ ಹೇಳುತ್ತಿದ್ದರು. ನೋಡಿದವರು ಯಾರೋ ವಿಳಾಸ ಕೇಳುತ್ತಿದ್ದಾರೆ ಅಂದುಕೊಳ್ಳಬೇಕು. ಗಿರಾಕಿ ಏನನ್ನೂ ಕೇಳಿರುತ್ತಿರಲಿಲ್ಲ. ಪಾಪ, ಒಂದು ಪುಸ್ತಕ ಕೊಂಡಿರುತ್ತಿದ್ದ, ಅಷ್ಟೆ.

"ಓದಿ ಆದ್ಮೇಲೆ ಸೀದಾ ಹೋಗಿ. ದೇವಸ್ಥಾನ ದಾಟಿ ಎಡಗಡೆ ಸಂದಿ, ನೀಲಿ ಗೇಟು. ಬರೆದವ್ರು ಸಂಜೆ ಹೊತ್ತು ಮನೇಲೇ ಇರ್ತಾರೆ. ಚೆನ್ನಾಗಿದ್ರೆ ಚೆನ್ನಾಗಿದೆ ಅನ್ನಿ. ಇಲ್ದಿದ್ರೆ ಬೈದು ಬನ್ನಿ."

ದೊಡ್ಡ ಹೆಸರಿನವರ ಪುಸ್ತಕಗಳೂ ಅವರಲ್ಲಿದ್ದವು, ಪರೀಕ್ಷೆಯ ಗೈಡುಗಳೂ ಇದ್ದವು. ಅಂಗಡಿ ನಡೆಯುತ್ತಿದ್ದದ್ದು ಗೈಡುಗಳಿಂದಲೇ. ಆದರೆ ಬಾಗಿಲಿಗೆ ಎದುರಾಗಿ, ಒಳಗೆ ಕಾಲಿಟ್ಟವರು ಎಡವುವಷ್ಟು ಮುಂದೆ ಇಟ್ಟಿದ್ದದ್ದು ಊರಿನವರ ಕಪಾಟು. ಶಿವಮೊಗ್ಗ, ಭದ್ರಾವತಿ, ಆಯನೂರು, ಈ ಸುತ್ತಿನಲ್ಲಿ ಯಾರು ಏನು ಬರೆದು ಅಚ್ಚು ಹಾಕಿಸಿದರೂ ಅಲ್ಲಿ ಜಾಗವಿತ್ತು. ಗಿರಾಕಿ ಅದರಲ್ಲಿ ಒಂದನ್ನು ಎತ್ತಿಕೊಂಡರೆ ಸಾಕು, ಹಾಲೇಶಪ್ಪನವರು ಎದ್ದು ಚಪ್ಪಲಿ ಮೆಟ್ಟುತ್ತಿದ್ದರು. ದಾರಿ ಹೇಳುವುದಕ್ಕೆ ಅವರು ಹೊರಗೇ ಬರಬೇಕಿತ್ತು. ಒಳಗೆ ಕೂತು ದಿಕ್ಕು ತೋರಿಸಿದರೆ ಜನ ಗೋಡೆ ನೋಡ್ತಾರೆ ಎನ್ನುತ್ತಿದ್ದರು.

ಒಮ್ಮೆ ನಾನು ತಡೆಯಲಾರದೆ ಕೇಳಿಯೇ ಬಿಟ್ಟೆ. "ಸಾರ್, ಹೀಗೆ ಕಂಡವರನ್ನೆಲ್ಲ ಮನೆಗೆ ಅಟ್ಟಿದ್ರೆ ಬರೆದವ್ರ ಗತಿ ಏನು?"

"ಲೋಕಲ್ ಲೇಖಕ ಅಂದ್ರೆ ಏನು ತಿಳ್ಕಂಡಿದ್ದೀಯ ಮಾರಾಯ್ತಿ? ಓದ್ದೋರು ನಡ್ಕೊಂಡು ಹೋಗಿ ಬೈಯಕ್ಕೆ ಆಗುವಷ್ಟು ಹತ್ರ ಇರೋನು. ಆ ಒಂದು ಅನುಕೂಲಾನೂ ಇಲ್ದಿದ್ರೆ ಲೋಕಲ್ ಆಗಿ ಏನ್ ಬಂತು?"

ಕೋಟೆಯ ನೀಲಿ ಗೇಟಿನ ಮನೆಯವರು ನಿವೃತ್ತ ಅಧ್ಯಾಪಕರು, ಒಂದು ಕಾದಂಬರಿ ಬರೆದಿದ್ದರು. ಆಯನೂರಿನ ಒಬ್ಬ ಹೆಂಗಸು ಅದನ್ನು ಕೊಂಡು ಓದಿ, ಹಾಲೇಶಪ್ಪನವರ ಮಾತಿನಂತೆ ಬಸ್ ಹಿಡಿದು ಬಂದು ಗೇಟು ತಟ್ಟಿದರಂತೆ. ಅಧ್ಯಾಪಕರು ಬನಿಯನ್ನಿನಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದರು. ಆಕೆ ನಮಸ್ಕಾರ ಮಾಡಿ, ಪಕ್ಕದಲ್ಲೇ ಕೂತು, ತಾನೂ ನಾಲ್ಕು ಕಾಳು ಹಿಸುಕುತ್ತಾ, "ಎಲ್ಲಾ ಸರಿ, ಆದ್ರೆ ಆ ಹುಡುಗೀಗೆ ಇನ್ನೊಂದು ಮದ್ವೆ ಮಾಡಿಸ್ಬೇಕಿತ್ತು ನೀವು. ನಿಮ್ಮ ಮಗಳಾಗಿದ್ರೆ ಹಂಗೇ ಬಿಡ್ತಿದ್ರಾ?" ಎಂದು ಕೇಳಿದರಂತೆ. ಅಧ್ಯಾಪಕರು ಮರುದಿನ ಅಂಗಡಿಗೆ ಬಂದು ಕೂಗಾಡಿದ್ದಕ್ಕೆ ನಾನೇ ಸಾಕ್ಷಿ. ಹಾಲೇಶಪ್ಪನವರು ಅಷ್ಟನ್ನೂ ಕೇಳಿಸಿಕೊಂಡು ಒಂದು ಚಹಾ ತರಿಸಿಕೊಟ್ಟರು. ಒಂದು ತಿಂಗಳು ಕಳೆಯಿತೋ ಇಲ್ಲವೋ, ಅದೇ ಅಧ್ಯಾಪಕರು ಪೇಪರ್ ನೋಡುವ ನೆಪದಲ್ಲಿ ಬಂದು ಕೂತು, ಹೋಗುವಾಗ ಮೆಲ್ಲಗೆ ಕೇಳಿದರು: "ಏನಯ್ಯಾ, ಈಚೆಗೆ ಯಾರನ್ನೂ ಕಳಿಸ್ತಾನೇ ಇಲ್ವಲ್ಲ?"

ನಾನು ಆ ಅಂಗಡಿಗೆ ಮೊದಲು ಹೋದದ್ದು ನನ್ನದೇ ಪುಸ್ತಕದ ಕಟ್ಟು ಹೊತ್ತುಕೊಂಡು. ನಾನು ಭದ್ರಾವತಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನವಿಡೀ ಬೇರೆಯವರಿಗೆ ರಿಪೋರ್ಟ್ ಕೊಟ್ಟು ಕೊಟ್ಟು, ನನ್ನ ರಿಪೋರ್ಟನ್ನೂ ಯಾರಾದರೂ ಕೊಡಲಿ ಎಂಬ ಆಸೆ ಹತ್ತಿತ್ತು. ನಾನು ಹುಟ್ಟಿ ಬೆಳೆದ, ಈಗಲೂ ಇರುವ ಕಾರ್ಖಾನೆ ಕ್ವಾರ್ಟರ್ಸಿನ ಕಥೆಗಳ ಪುಸ್ತಕ ಅದು. ಹಾಲೇಶಪ್ಪನವರು ಪುಸ್ತಕ ತಿರುಗಿಸಿ ನೋಡಿದರು. ಹೆಸರು ಕೇಳಲಿಲ್ಲ, "ಮನೆ ಎಲ್ಲಿ?" ಎಂದರು. ಅವರಿಗೆ ಅದು ತಾನೇ ಮುಖ್ಯ.

"ಭದ್ರಾವತಿ ಸಾರ್. ಕಾರ್ಖಾನೆ ಕ್ವಾರ್ಟರ್ಸು."

"ಯಾವ ಲೈನು?"

"ನೀರಿನ ಟ್ಯಾಂಕಿನ ಹಿಂದೆ."

ಅವರ ಕೈ ಪುಸ್ತಕದ ಮೇಲೆ ನಿಂತೇ ಹೋಯಿತು. ಆಮೇಲೆ ತಿಳಿಯಿತು, ಅವರು ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಅದೇ ಟ್ಯಾಂಕಿನ ಮುಂದಿನ ಲೈನಿನಲ್ಲಿ ಸಂಸಾರ ಮಾಡಿದವರು. ಕೆಲಸ ಕಡಿಮೆಯಾಗಿ ಜನ ಒಬ್ಬೊಬ್ಬರೇ ಗಂಟು ಕಟ್ಟಿದ ಕಾಲದಲ್ಲಿ ತಾವೂ ಹೊರಟು ಶಿವಮೊಗ್ಗಕ್ಕೆ ಬಂದು ಅಂಗಡಿ ಹಾಕಿದ್ದರು. ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿ. ಅವತ್ತಿನಿಂದ ಒಮ್ಮೆಯೂ ಆ ಕಡೆ ಕಾಲಿಟ್ಟಿರಲಿಲ್ಲ. ಯಾಕೆ ಸಾರ್ ಎಂದರೆ, "ಬೀಗ ಹಾಕಿರೋ ಮನೆ ನೋಡಕ್ಕೆ ಯಾರಾದ್ರೂ ಬಸ್ ಚಾರ್ಜ್ ಕೊಟ್ಕೊಂಡು ಹೋಗ್ತಾರಾ?" ಎಂದು ಮಾತು ಮುಗಿಸುತ್ತಿದ್ದರು.

ತಾವು ಹೋಗದಿದ್ದರೇನು, ಬೇರೆಯವರನ್ನು ಕಳಿಸುವುದಕ್ಕೆ ಅಡ್ಡಿಯಿರಲಿಲ್ಲ. ನನ್ನ ಪುಸ್ತಕ ಕೊಂಡವರಿಗೆ ಅವರು ದಾರಿ ಹೇಳುವಾಗ ಕಣ್ಣು ಅರ್ಧ ಮುಚ್ಚಿರುತ್ತಿದ್ದವು. "ಮೇನ್ ಗೇಟಲ್ಲಿ ಇಳೀರಿ. ಕ್ಯಾಂಟೀನ್ ಹತ್ರ ಎಡಕ್ಕೆ. ವಡೆ ಕರಿಯೋ ವಾಸನೆ ಬರುತ್ತೆ, ಗೊತ್ತಾಗುತ್ತೆ. ಮುಂದೆ ಸೈಕಲ್ ಸ್ಟ್ಯಾಂಡು, ಅದರ ಹಿಂದೆ ಟ್ಯಾಂಕು." ಕ್ಯಾಂಟೀನ್ ಬಿದ್ದು ಗಿಡ ಬೆಳೆದು ಯಾವ ಕಾಲವಾಯಿತೋ. ಸೈಕಲ್ ಸ್ಟ್ಯಾಂಡಿನ ತಗಡು ಕೂಡ ಉಳಿದಿಲ್ಲ. ಬಂದವರು ಊರೆಲ್ಲ ಸುತ್ತಿ, ಕೊನೆಗೆ ನನ್ನ ಪಕ್ಕದ ಮನೆಯ ಸೆಲ್ವಮ್ಮನ ಕೈಗೆ ಸಿಕ್ಕಿ, ಬೆವರು ಒರೆಸಿಕೊಳ್ಳುತ್ತಾ ನನ್ನ ಬಾಗಿಲಿಗೆ ಬರುತ್ತಿದ್ದರು. ಬಂದವರು ಮೊದಲು ದಾರಿಯನ್ನು ಬೈದು, ಆಮೇಲೆ ಪುಸ್ತಕವನ್ನು ಬೈಯುತ್ತಿದ್ದರು. ಕೆಲವರು ಹೊಗಳುತ್ತಲೂ ಇದ್ದರು, ಸುಳ್ಳೇಕೆ ಹೇಳಲಿ.

ನಾನು ಹೋಗಿ ದೂರಿದೆ. "ಸಾರ್, ಆ ಕ್ಯಾಂಟೀನ್ ಈಗಿಲ್ಲ. ಜನ ಕೇಳಿದ್ರೆ ನಗ್ತಾರೆ."

"ಕ್ಯಾಂಟೀನ್ ಇಲ್ದಿದ್ರೆ ಏನಂತೆ, ತಿರುವು ಇದೆಯಲ್ಲ," ಎಂದರು. ದಾರಿ ಬದಲಾಯಿಸಲಿಲ್ಲ.

ಬಂದು ಹೋದವರು ಎಷ್ಟು ಜನರಾದರೂ ನನಗೆ ಬೇಕಿದ್ದದ್ದು ಅವರೊಬ್ಬರ ಮಾತು. ಬೇರೆಯವರು ಕಥೆ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನಬಹುದಿತ್ತು. ಅಲ್ಲಿ ಬದುಕು ಹಾಗೆಯೇ ಇತ್ತೇ, ನಾನು ಬರೆದದ್ದು ನಿಜವೇ ಎಂದು ಹೇಳಬಲ್ಲವರು ಅವರು ಮಾತ್ರ. ಅಪ್ಪ ಇದ್ದಿದ್ದರೆ ಅಪ್ಪನನ್ನು ಕೇಳುತ್ತಿದ್ದೆ. ಅಪ್ಪ ಇಲ್ಲ. ಹಾಗಾಗಿ ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋದಾಗಲೆಲ್ಲ ಕೇಳುತ್ತಿದ್ದೆ: "ಓದಿದ್ರಾ ಸಾರ್?"

"ಓದ್ದೆ."

"ಹೇಗಿದೆ?"

"ಅಂಗಡೀಲಿ ಹೇಳಲ್ಲ. ಇಲ್ಲಿ ನಾನು ಮಾರೋನು. ಮಾರೋನ ಬಾಯಲ್ಲಿ ಬಂದಿದ್ದು ಅಭಿಪ್ರಾಯ ಅಲ್ಲ. ಓದ್ದೋನಾಗಿ ನಿನ್ನ ಮನೆ ಬಾಗ್ಲಿಗೆ ಬಂದು ಹೇಳ್ತೀನಿ."

ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆ ಊರಿಗೆ ಕಾಲಿಡುವುದಿಲ್ಲ ಎಂದವರು ಬರುವುದು ಹೇಗೆ? ನನಗೆ ಸಿಟ್ಟು ಬರುತ್ತಿತ್ತು. ಊರಿಗೆಲ್ಲ ಇರುವ ನಿಯಮವನ್ನು ತನಗೆ ಅಡಗಿಕೊಳ್ಳುವುದಕ್ಕೆ ಬಳಸುತ್ತಾರೆ ಮುದುಕ ಎಂದು ಬಸ್ಸಿನಲ್ಲಿ ಗೊಣಗಿಕೊಂಡು ವಾಪಸಾಗುತ್ತಿದ್ದೆ. ಮುಂದಿನ ತಿಂಗಳು ಮತ್ತೆ ಹೋಗಿ ಕೇಳುತ್ತಿದ್ದೆ.

ಹೋದ ವರ್ಷ ಒಂದು ಭಾನುವಾರ ಶಿವಮೊಗ್ಗದಲ್ಲಿ ನಮ್ಮ ಲ್ಯಾಬಿನ ಹುಡುಗಿಯ ಮದುವೆ. ಊಟ ಮುಗಿಸಿ ಅಂಗಡಿಯತ್ತ ನಡೆದೆ. ಷಟರ್ ಎಳೆದಿತ್ತು. ಭಾನುವಾರವೂ ತೆರೆಯುವ ಅಂಗಡಿ ಅದು. ಹೂವಿನವಳು, "ಬೆಳಗ್ಗೇನೇ ಇಸ್ತ್ರಿ ಅಂಗಿ ಹಾಕ್ಕೊಂಡು ಎಲ್ಲಿಗೋ ಹೋದ್ರಪ್ಪ," ಎಂದಳು. ರೇಷ್ಮೆ ಸೀರೆಯಲ್ಲಿ ಬಿಸಿಲಿಗೆ ನಿಂತು, ನಾನು ಬಂದ ದಿನವೇ ಇವರು ಇಲ್ಲವಲ್ಲ ಎಂದು ಷಟರಿಗೇ ಬೈದು, ಸಂಜೆಯ ಬಸ್ಸು ಹತ್ತಿದೆ.

ಮನೆಗೆ ಬಂದರೆ ಸೆಲ್ವಮ್ಮ ಜಗಲಿಯ ಮೇಲೆ ಕೂತಿದ್ದಾರೆ. "ಯಾರೋ ವಯಸ್ಸಾದವರು ಬಂದಿದ್ರು ಕಣ್ಣಾ. ನಿನ್ನ ಬುಕ್ಕು ಕೈಯಲ್ಲಿತ್ತು. ನೀನಿಲ್ಲ ಅಂದೆ. ಪರವಾಗಿಲ್ಲ, ಕಾಯ್ತೀನಿ ಅಂದ್ರು. ನೀರು ಕೊಟ್ಟೆ."

"ಆಮೇಲೆ?"

"ಆಮೇಲೆ ಏನು, ಲೈನೆಲ್ಲ ನಡೆದ್ರು. ನಾನೂ ಜೊತೆಗೆ ಹೋದೆ. ಆ ಕಡೆ ಸೂರು ಬಿದ್ದ ಮನೆ ಐತಲ್ಲ, ಹೊಂಗೆ ಮರ ಇರೋದು, ಅಲ್ಲಿ ತುಂಬಾ ಹೊತ್ತು ನಿಂತ್ರು. ಈ ಮರ ನಾನೇ ಇಟ್ಟಿದ್ದು ಅಂದ್ರು. ವಾಪಸ್ ಬಂದು ಇಲ್ಲಿ ಕೂತು ಬುಕ್ಕು ತೆಗೆದು ಓದಿ ಓದಿ ನಗ್ತಿದ್ರು. ಒಂದು ಸಲ ಕಣ್ಣೂ ಒರೆಸ್ಕೊಂಡ್ರು."

"ಏನು ಹೇಳಿದ್ರು ಸೆಲ್ವಮ್ಮ? ಪುಸ್ತಕದ ಬಗ್ಗೆ?"

"ಅವ್ಳಿಗೆ ಒಂದು ಮಾತು ಹೇಳ್ಬೇಕು ಅಂದ್ರು. ನನ್ಗೆ ಹೇಳಿ, ನಾನು ಹೇಳ್ತೀನಿ ಅಂದೆ. ಇಲ್ಲಮ್ಮಾ, ಬರೆದವಳಿಗೇ ಹೇಳ್ಬೇಕು, ಇನ್ನೊಂದು ಸಲ ಬರ್ತೀನಿ ಅಂದ್ರು. ಬಸ್ಸಿಗೆ ಲೇಟಾಯ್ತು ಅಂತ ಹೋಗ್ಬಿಟ್ರು."

ನಾನು ಅವರ ಷಟರಿನ ಮುಂದೆ ನಿಂತು ಬೈಯುತ್ತಿದ್ದ ಹೊತ್ತಿಗೆ ಅವರು ನನ್ನ ಜಗಲಿಯಲ್ಲಿ ಕೂತು ನನ್ನ ಕಥೆ ಓದುತ್ತಿದ್ದರು. ಕೂಡಲೇ ಫೋನ್ ಮಾಡಿದೆ. ಗೋಗರೆದೆ ಅಂದರೂ ಸರಿಯೇ. ಆ ಕಡೆಯಿಂದ ಅದೇ ಹಳೆಯ ದನಿ: "ಫೋನಲ್ಲಿ ಹೇಳೋ ಮಾತಲ್ಲ ಮಾರಾಯ್ತಿ. ದಾರಿ ಗೊತ್ತಾಯ್ತಲ್ಲ ಈಗ. ಬರ್ತೀನಿ."

ಬರಲಿಲ್ಲ. ಇನ್ನೂ ತಿಂಗಳಾಗಿರಲಿಲ್ಲ, ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದರಂತೆ. ಆಸ್ಪತ್ರೆ ಮುಟ್ಟುವವರೆಗೆ ಇರಲಿಲ್ಲ. ಸುದ್ದಿ ತಿಳಿದು ಹೋದಾಗ ನೀಲಿ ಗೇಟಿನ ಅಧ್ಯಾಪಕರು ರಸ್ತೆ ಬದಿಯಲ್ಲಿ ನಿಂತು ಮಕ್ಕಳ ಹಾಗೆ ಅಳುತ್ತಿದ್ದರು. "ಇನ್ನು ನಮ್ಮನೆಗೆ ಜನರನ್ನ ಯಾರಮ್ಮ ಕಳಿಸ್ತಾರೆ?" ಎಂದರು. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಶಿವಮೊಗ್ಗಕ್ಕೆ ಹೋದರೆ ನಾನು ಆ ರಸ್ತೆಯಲ್ಲಿ ನಡೆಯುವುದಿಲ್ಲ. ಬೀಗ ಹಾಕಿದ ಮನೆಯ ಬಗ್ಗೆ ಅವರು ಹೇಳುತ್ತಿದ್ದದ್ದು ನನಗೆ ಈಗ ಅರ್ಥವಾಗುತ್ತದೆ.

ಆ ಮಾತು ಏನಿತ್ತು ಎಂದು ಎಷ್ಟು ಬಗೆಯಲ್ಲಿ ಊಹಿಸಿದ್ದೇನೋ. ಬೈಗುಳವೇ ಆಗಿರಲಿ, ಅವರ ಬಾಯಿಂದ ಕೇಳಬೇಕಿತ್ತು. ಬಾಗಿಲು ಸದ್ದಾದರೆ ಈಗಲೂ ಒಂದು ಗಳಿಗೆ ಅವರೇ ಇರಬಹುದು ಅನ್ನಿಸುತ್ತದೆ. ಬುದ್ಧಿಗೆ ಗೊತ್ತಿದೆ, ಕಿವಿಗೆ ಗೊತ್ತಿಲ್ಲ.

ಮೊನ್ನೆ ಭಾನುವಾರ ಹಾಗೆಯೇ ಬಾಗಿಲು ಸದ್ದಾಯಿತು. ತೆರೆದರೆ ಒಬ್ಬ ಹೆಂಗಸು, ಆಸ್ಪತ್ರೆಯ ನರ್ಸ್ ಅಂತೆ, ಕೈಯಲ್ಲಿ ನನ್ನ ಪುಸ್ತಕ. ಬೆವರಿರಲಿಲ್ಲ, ದಣಿದಿರಲಿಲ್ಲ.

"ಪುಸ್ತಕದಂಗಡಿಯವ್ರು ಕಳ್ಸಿದ್ರು," ಎಂದರು.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ತಗೊಂಡು ತುಂಬಾ ದಿನ ಆಯ್ತು. ಡ್ಯೂಟಿ ಮೇಲೆ ಡ್ಯೂಟಿ, ಬರಕ್ಕೆ ಆಗ್ಲಿಲ್ಲ. ಓದಿ ಆದ್ಮೇಲೆ ಹೋಗ್ಲೇಬೇಕು ಅಂದಿದ್ರಲ್ಲ."

"ದಾರಿ ಸಿಕ್ತಾ ನಿಮಗೆ?"

"ಸಲೀಸಾಗಿ ಸಿಕ್ತು. ಸೂರು ಬಿದ್ದ ಮನೆ ಮುಂದೆ ಹೊಂಗೆ ಮರ ಇದೆ, ಅಲ್ಲಿ ತಿರುಗಿ, ಸೆಲ್ವಮ್ಮ ಅಂತ ಕೇಳಿ, ನೀರು ಕೊಟ್ಟು ಕರ್ಕೊಂಡು ಹೋಗ್ತಾರೆ ಅಂದಿದ್ರು."

ಅವರು ಹೇಳಿದ ಈ ದಾರಿಯಲ್ಲಿ ಕ್ಯಾಂಟೀನ್ ಇರಲಿಲ್ಲ. ವಡೆಯ ವಾಸನೆ ಇರಲಿಲ್ಲ. ಇಷ್ಟು ದಿನ ಯಾರನ್ನು ಕೇಳಬೇಕೆಂದು ತಿಳಿಯದೆ ಇದ್ದ ಪ್ರಶ್ನೆಯನ್ನು ಆಕೆಯನ್ನು ಕೇಳಿದೆ. "ಪುಸ್ತಕ ಕೊಡುವಾಗ ಅವರು ಏನಾದ್ರೂ ಹೇಳಿದ್ರಾ? ಹೇಗಿದೆ ಅಂತ?"

ಆಕೆ ನಕ್ಕರು. "ನಾನೂ ಕೇಳ್ದೆ, ನೀವು ಓದಿದ್ದೀರಲ್ಲ, ಹೇಗಿದೆ ಹೇಳಿ ಅಂತ. ಬರೆದವಳಿಗೇ ಇನ್ನೂ ಹೇಳಿಲ್ಲ, ನಿಮಗೆ ಹೇಗೆ ಹೇಳ್ಲಿ ಅಂದ್ರು."