ಹೊಲಿಗೆಯ ಬೆನ್ನು ನೋಡಿದವಳು

ಕಳೆದ ವಾರ ಸೊಸೆ ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಡುತ್ತಿದ್ದಳು. ಮಶಿನ್ ಎಣ್ಣೆಯ ಆ ತೆಳ್ಳಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಚಹಾ ಕುಡಿಯುವುದನ್ನೇ ಮರೆತೆ. ರೋಣದ ನಮ್ಮ ಇದೇ ಓಣಿ, ಆಗಿನ ಬಾಜೂಮನೆಯ ಕಟ್ಟೆ, ಕಟ್ಟೆಯ ಮೇಲೆ ಕಾಲು ಚಾಚಿ ಕೌದಿ ಹೊಲಿಯುತ್ತಿದ್ದ ದೊಡ್ಡವ್ವ...

ರಕ್ತಸಂಬಂಧವೇನೂ ಇರಲಿಲ್ಲ. ಓಣಿಗೆಲ್ಲ ಅವಳು ದೊಡ್ಡವ್ವ. ಜನ ತಂದುಕೊಟ್ಟ ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಹೊದೆಯುವ ದಪ್ಪ ಕೌದಿಗಳನ್ನು ಕೈಯಿಂದ ಹೊಲಿದುಕೊಟ್ಟು ಬದುಕುತ್ತಿದ್ದಳು. ಓದು ಬರಹ ಬರುತ್ತಿರಲಿಲ್ಲ. ಆದರೆ ಕೊಡ ಕೊಳ್ಳುವುದಿರಲಿ, ಬೀಸುವ ಕಲ್ಲು ಕೊಳ್ಳುವುದಿರಲಿ, ಮದುವೆಯ ಸೀರೆಯಿರಲಿ, ಪೇಟೆಗೆ ಹೊರಟ ಹೆಂಗಸರು ಜೊತೆಗೆ ಕರೆದೊಯ್ಯಲು ಮೊದಲು ಅವಳ ಬಾಗಿಲಿಗೆ ಬರುತ್ತಿದ್ದರು. ಅವಳು ಒಳಗೆ ಕಾಲಿಟ್ಟರೆ ಅಂಗಡಿಕಾರರ ಬಡಾಯಿ ಅರ್ಧಕ್ಕೆ ಇಳಿಯುತ್ತಿತ್ತು.

ಐವತ್ತರ ದಶಕದ ನಡುವಿನ ಮಾತು ಇದು. ಮದುವೆಯಾದ ಎರಡನೇ ವರ್ಷವೇ ಗಂಡ ವಿಷಮಜ್ವರದಿಂದ ತೀರಿಕೊಂಡರು. ಹತ್ತೊಂಬತ್ತನೇ ವಯಸ್ಸಿಗೆ ನಾನು ತವರಿಗೆ ಮರಳಿದೆ. ಅಪ್ಪ ಮೊದಲೇ ಇರಲಿಲ್ಲ. ಅವ್ವನ ಕೂಲಿಯಲ್ಲೇ ಚಿಕ್ಕ ತಮ್ಮನೂ ಸೇರಿ ಮೂವರ ಹೊಟ್ಟೆ ತುಂಬಬೇಕಿತ್ತು. ಗಂಡನ ಮನೆಯಲ್ಲಿ ನಾನು ಮಶಿನ್ ತುಳಿದು ಕುಬಸ ಹೊಲಿಯುವುದನ್ನು ಅಷ್ಟಿಷ್ಟು ಕಲಿತಿದ್ದೆ. ಒಂದು ದಿನ ಅವ್ವ ಪೆಟ್ಟಿಗೆಯ ತಳದಿಂದ ತನ್ನ ತಾಯಿ ಕೊಟ್ಟಿದ್ದ ಬಂಗಾರದ ಪಾಟ್ಲಿ ಬಳೆಗಳನ್ನು ತೆಗೆದು ಮುಂದಿಟ್ಟಳು.

"ಇದನ್ನ ಮಾರಿ ಒಂದು ಹೊಲಿಗಿ ಮಶಿನ್ ತರೂಣು. ಅದು ಕೆಟ್ಟದ್ದು ಬಂತಂದ್ರ ಇನ್ನೊಂದು ತರಾಕ ನಮ್ಮ ಹತ್ರ ಏನೂ ಇಲ್ಲ. ದೊಡ್ಡವ್ವನ್ನ ಕರಕೊಂಡು ಹೋಗು."

ರೋಣದ ಪೇಟೆಯ ಅಂಗಡಿಯೊಂದಕ್ಕೆ ಹೊಸ ಮಶಿನ್ ಬಂದಿತ್ತು. ಕನ್ನಡಿಯಂತೆ ಹೊಳೆಯುವ ಕಪ್ಪು ಮೈ, ಅದರ ಮೇಲೆ ಬಂಗಾರ ಬಣ್ಣದ ಬಳ್ಳಿ. ಸಾಹುಕಾರರು ತೆಳ್ಳಗಿನ ಬಟ್ಟೆಯಿಟ್ಟು ತುಳಿದರು. ಮುತ್ತು ಪೋಣಿಸಿದಂಥ ಹೊಲಿಗೆ! ನಾನು ಮನಸ್ಸಿನಲ್ಲಿ ಆಗಲೇ ಅದನ್ನು ಮನೆಗೆ ತಂದಾಗಿತ್ತು. ದೊಡ್ಡವ್ವ ಮಾತ್ರ ಬಟ್ಟೆಯನ್ನು ಮಗುಚಿ ಹೊಲಿಗೆಯ ಹಿಂಬದಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಲ್ಲಿ ಸುತ್ತಿ ತಂದಿದ್ದ ಕೌದಿಯ ತುಂಡನ್ನು ಮುಂದೆ ಚಾಚಿದಳು.

"ಸಾವ್ಕಾರ್ರ, ಇದರ ಮ್ಯಾಲ ಒಂದು ಗೆರಿ ಹೊಡೀರಿ."

ಅವರು ನಕ್ಕರು. "ಇದೇನು ಕೌದಿ ಹೊಲಿಯೋ ಮಶಿನ್ ಅಲ್ಲಬೇ. ನಿನಗ ಮಶಿನ್ ಬಗ್ಗೆ ಏನು ತಿಳೀತದ?"

"ಮಶಿನ್ ತಿಳ್ಯಾಂಗಿಲ್ರಿ. ಹೊಲಿಗಿ ತಿಳೀತದ."

ನಾಲ್ಕಾರು ಗಿರಾಕಿಗಳು ನೋಡುತ್ತಿದ್ದುದರಿಂದ ಅವರು ತುಳಿಯಲೇಬೇಕಾಯಿತು. ಗೇಣುದ್ದ ಹೋಗುವಷ್ಟರಲ್ಲಿ ಸೂಜಿ ಮುರಿಯಿತು. ದೊಡ್ಡವ್ವ ತುಂಡನ್ನು ಮಡಚಿ ಎದ್ದೇಬಿಟ್ಟಳು.

ದಾರಿಯುದ್ದಕ್ಕೂ ನಾನು ಸಿಡಿಮಿಡಿಗುಟ್ಟಿದೆ. "ನಾ ಏನು ಕೌದಿ ಹೊಲಿಯಾಕಿ ಏನು? ಕುಬಸ ಹೊಲಿಯಾಕಿ!"

"ತೆಳ್ಳನ್ನ ಅರಿವಿ ಉಡಾವ್ರು ನಮ್ಮ ಓಣ್ಯಾಗ ಯಾರದಾರ, ಹೇಳು? ನಿನ್ನ ಹತ್ರ ಬರಾವ್ರು ಹೊಲಕ್ಕ ಹೋಗೋ ಮಂದಿ. ಅವರು ದಪ್ಪ ಅರಿವಿ ತರ್ತಾರ, ಹರಿದ ಚೀಲ ತರ್ತಾರ. ಅವರ ಕೆಲಸಕ್ಕ ಒದಗೋ ಮಶಿನ್ ಬೇಕು ನಿನಗ."

ಮನೆಗೆ ಬಂದು ನಾನು ಊಟವನ್ನೂ ಮಾಡಲಿಲ್ಲ. ಆ ಬಂಗಾರದ ಬಳ್ಳಿ ಕಣ್ಣಿನಿಂದ ಹೋಗಲೊಲ್ಲದು...

ಒಂದು ಸೂಜಿ ಮುರಿದದ್ದಕ್ಕೇ ತೀರ್ಮಾನ ಮಾಡುವವಳೂ ಅಲ್ಲ ದೊಡ್ಡವ್ವ. ಅಂಥದೇ ಮಶಿನ್ ಕೊಂಡಿದ್ದ ದರ್ಜಿಯೊಬ್ಬರು ನರಗುಂದದಲ್ಲಿದ್ದಾರೆಂದು ಗೊತ್ತಾಗಿ, ಮರುವಾರ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ಮಾರುವವರ ಮಾತು ಕೇಳಿಯಾಯಿತು, ಇನ್ನು ಬಳಸಿದವರ ಮಾತು ಕೇಳಬೇಕು ಎಂಬುದು ಅವಳ ಹಟ.

"ತೆಳ್ಳನ್ನ ಅರಿವಿಗೆ ಭಾಳ ಚಲೋ ಅದರಿ," ಎಂದರು ದರ್ಜಿ. "ಆದ್ರ ಖರೇ ಹೇಳ್ತೀನಿ, ದಪ್ಪಂದು ಬಂದ್ರ ನಾ ನನ್ನ ಹಳೇ ಮಶಿನ್ ಮ್ಯಾಲನ ಹೊಲೀತೀನಿ."

ಮೂಲೆಯಲ್ಲಿದ್ದ ಹಳೆಯದನ್ನು ಅವರೇ ತೋರಿಸಿದರು. ಅಂಥದೊಂದು ಗಜೇಂದ್ರಗಡದಲ್ಲಿ ಮಾರಾಟಕ್ಕಿದೆ, ಕಣ್ಣು ಮಂಜಾದ ಮುದುಕ ದರ್ಜಿಯೊಬ್ಬರದು ಎಂದೂ ಹೇಳಿದರು.

ಗಜೇಂದ್ರಗಡಕ್ಕೂ ಹೋದೆವು. ಗುಡ್ಡದ ಬುಡದ ಓಣಿ. ಅಕ್ಕಪಕ್ಕದ ಮನೆಗಳಿಂದ ಮಗ್ಗದ ಸದ್ದು. ಮಶಿನ್ ನೋಡಿ ನನ್ನ ಮುಖ ಬಾಡಿತು. ಬಣ್ಣ ಕಿತ್ತುಹೋಗಿತ್ತು, ಹಲಗೆಯ ತುಂಬ ಎಣ್ಣೆಯ ಕಲೆ. ಅಜ್ಜ ತುಳಿದು ತೋರಿಸಲು ಕುಳಿತರೆ ದೊಡ್ಡವ್ವ ಬಿಡಲಿಲ್ಲ.

"ನೀವು ಏಳ್ರಿ. ನಾಳೆ ತುಳಿಯಾಕಿ ಇಕಿ. ಇಕಿನ ತುಳೀಲಿ."

ನಾನು ಕುಳಿತೆ. ಕೌದಿಯ ತುಂಡು ಒಂದೇ ಸಮನೆ ಆಚೆ ಬಂತು. ಸೂಜಿ ಎಲ್ಲಿಯೂ ತಡೆಯಲಿಲ್ಲ. ದೊಡ್ಡವ್ವ ತುಂಡನ್ನು ಮಗುಚಿ ಹಿಂಬದಿಯ ಮೇಲೆ ಬೆರಳಾಡಿಸಿದಳು; ಅಲ್ಲೂ ದಾರ ಸಡಿಲಾಗಿರಲಿಲ್ಲ. ಸೂಜಿ ಎಲ್ಲಿ ಸಿಗುತ್ತದೆ, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂದೆಲ್ಲ ಕೇಳಿ ತಿಳಿದುಕೊಂಡಳು. "ನಾ ಇಷ್ಟು ವರ್ಷ ಹೊಲಿದೆ, ತಾಯಿ. ಹೊಲಿಗಿ ಬೆನ್ನ ನೋಡಾವ್ರನ್ನ ಇವತ್ತು ಕಂಡೆ," ಎಂದರು ಅಜ್ಜ.

ದೊಡ್ಡವ್ವ ನನ್ನ ಕಡೆ ತಿರುಗಿದಳು. "ನಾ ನೋಡಬೇಕಾದ್ದು ನೋಡೇನಿ, ಮಗಳ. ಬೇಕೋ ಬ್ಯಾಡೋ ನೀ ಹೇಳು."

ಹುಟ್ಟಿದಂದಿನಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಗಂಡನನ್ನು ಗೊತ್ತುಮಾಡಿದಾಗಲೂ ಕೇಳಿರಲಿಲ್ಲ. ಗಟ್ಟಿಯಾಗಿಯೇ ಹೇಳಿದೆ: "ಬೇಕು."

ವರ್ಷ ತುಂಬುವುದರೊಳಗೆ ಯಾವಗಲ್, ಮೆಣಸಗಿಯ ಹೆಂಗಸರೂ ಸಂತೆಯ ದಿನ ಗಂಟು ಹೊತ್ತು ನಮ್ಮ ಮನೆಗೆ ಬರತೊಡಗಿದರು. ಅವ್ವ ಕೂಲಿಗೆ ಹೋಗುವುದನ್ನು ಬಿಟ್ಟಳು.

ಒಂದು ದಿನ ಇಟಗಿಯ ಗೌಡರ ಮನೆಯ ಹೆಂಗಸು ಹಳೆಯ ಸೀರೆಗಳ ಗಂಟು ತಂದರು. "ಮಶಿನ್ ಮ್ಯಾಲ ಕೌದಿ ಹೊಲಿದು ಕೊಡು. ದೊಡ್ಡವ್ವ ತಿಂಗಳಗಟ್ಟಲೆ ಮಾಡ್ತಾಳ, ನನಗ ಲಗೂ ಬೇಕು," ಎಂದರು. ಪಕ್ಕದ ಕಟ್ಟೆಯ ಮೇಲಿದ್ದ ದೊಡ್ಡವ್ವನಿಗೆ ಎಲ್ಲ ಕೇಳಿಸುತ್ತಿತ್ತು. ನನ್ನ ಕಾಲು ತುಳಿಯುವುದನ್ನು ನಿಲ್ಲಿಸಿತು. ಆ ಕೌದಿಯ ತುಂಡು ಏನನ್ನು ಪರೀಕ್ಷೆ ಮಾಡಿತ್ತು ಎಂಬುದು ಆಗ ಹೊಳೆಯಿತು. ತನ್ನ ಕೆಲಸವನ್ನು ಕಸಿದುಕೊಳ್ಳಬಲ್ಲ ಮಶಿನ್ನನ್ನೇ ಅವಳು ನನಗಾಗಿ ಊರೂರು ಸುತ್ತಿ ಹುಡುಕಿದ್ದಳು.

"ಆಗಾಂಗಿಲ್ರಿ," ಎಂದೆ.

ದೊಡ್ಡವ್ವ ಎದ್ದು ಬಂದು ಗಂಟನ್ನು ತಾನೇ ಎತ್ತಿ ಮಶಿನ್ ಮೇಲಿಟ್ಟಳು. "ಯಾಕ ಆಗಾಂಗಿಲ್ಲ? ಆಗ್ತದಂತ ನೋಡೇ ತಂದೀವಿ."

"ದೊಡ್ಡವ್ವಾ, ನಿನ್ನ ಕೆಲಸ..."

"ನನ್ನ ಕಣ್ಣು ಇನ್ನೆಷ್ಟು ದಿನ? ಪದರು ನಾ ಹಾಸ್ತೀನಿ. ನೀ ಹೊಲಿ."

ಹಾಗೇ ಆಯಿತು. ಅವಳ ಕೈ ಹಾಸಿದ ಪದರುಗಳ ಮೇಲೆ ನಾನು ವರ್ಷಗಟ್ಟಲೆ ತುಳಿದೆ, ಬಂದದ್ದರಲ್ಲಿ ಸಮಪಾಲು. ಒಂದು ಚಳಿಗಾಲದ ಮುಂಜಾನೆ ಅವಳು ಏಳಲೇ ಇಲ್ಲ...

ಈಗ ನನಗೆ ಎಂಬತ್ತು ದಾಟಿದೆ. ತೀರಿಹೋದ ತಮ್ಮನ ಮಗನನ್ನು ಸಾಕಿ, ಓದಿಸಿ, ಸೊಸೆಯನ್ನು ತಂದದ್ದು ಆ ದುಡಿಮೆಯಲ್ಲೇ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ದೊಡ್ಡವ್ವನದು ಒಂದು ಫೋಟೋ ಕೂಡ ಇಲ್ಲ. ಹೇಗಿದ್ದಳೆಂದು ಮೊಮ್ಮಗಳು ಕೇಳಿದರೆ ಹೇಳಲು ಹೋಗಿ ತಡವರಿಸುತ್ತೇನೆ. ಅವಳ ಮೂಗುತಿ ಯಾವ ಕಡೆಗಿತ್ತು ಎಂದು ಯಾರನ್ನಾದರೂ ಕೇಳೋಣವೆಂದರೆ, ಅವಳನ್ನು ಕಂಡವರಲ್ಲಿ ಈ ಓಣಿಯಲ್ಲಿ ಈಗ ಉಳಿದವಳು ನಾನೊಬ್ಬಳೇ.